ಕಾಲಿನ ಊತ, ರೆಪ್ಪೆಯ ಕೂದಲು

ಗುರುತು ಸಿಗದ ಹಾಗೆ ಮನೆಯ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಸಲಹೆ ಕೇಳಲು ಬಂದ ಈ ಅಪ್ಪ, ಮಗಳು ದಾವಣಗೆರೆ ಹತ್ತಿರದ ಹಳ್ಳಿಯವರು. ಮಗಳಿಗೆ 19, ಬಿ.ಕಾಂ. ಓದುತ್ತಾಳೆ. ಮೈನೆರೆದ ಮೇಲೆ ಬಲಗಾಲು ಊದತೊಡಗಿತು, ಆಮೇಲೆ ಎಡಗಾಲೂ. ಊರೆಲ್ಲ ಆನೆಕಾಲು ಅಂದಿತು. ರಾತ್ರಿ ರಕ್ತ ತೆಗೆದು ನೋಡಿದರೂ ಹುಳು ಸಿಗಲಿಲ್ಲ. ಆದರೂ ಎರಡು ಸಲ ಆನೆಕಾಲಿನ ಮಾತ್ರೆ ನುಂಗಿಸಿದ್ದರು! ಕೊನೆಗೊಬ್ಬ ವೈದ್ಯರು ಇದು ಲಿಂಫೆಡಿಮಾ, ಅಂದರೆ ಮೈಯ ದುಗ್ಧರಸ (ಲಿಂಫ್) ಸರಿಯಾಗಿ ಹರಿಯದೆ ನಿಂತು ಬರುವ ಊತ, ವಂಶದಿಂದ ಬಂದಿರಬಹುದು ಎಂದರು. ಜೀನ್ ಸಂಶೋಧನೆಗೆ ಮನೆಯವರ ರಕ್ತ ಕೇಳಿ ಒಪ್ಪಿಗೆ ಫಾರಂ ಕೊಟ್ಟರು.

ಫಾರಂ ಅಪ್ಪನ ಜೇಬಲ್ಲಿ ಮಡಚಿಕೊಂಡೇ ಬಂತು. "ಮೇಡಂ, ನಮ್ಮ ರಕ್ತದಾಗೇ ಐತೆ ಅಂತ ಬರೆದುಬಿಟ್ರೆ ಇವಳ ಮದ್ವೆ ಹೆಂಗ್ ಮಾಡ್ಲಿ?"

ಅವರದೊಂದು ಲೆಕ್ಕ ಇತ್ತು. ತಮ್ಮ ತಾಯಿಗೆ ಕಾಲು ಊತ. ಹೆಂಡತಿಯ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಕೈ ಊತ. ಎರಡೂ ಕೂಡಿಸಿದರೆ ಮಗಳಿಗೆ ಮುಂದೆ ಕ್ಯಾನ್ಸರ್!

ಅವರು ಭತ್ತ ಬೆಳೆಯುವವರು, ಹಾಗಾಗಿ ಗದ್ದೆಗೆ ನೀರು ತರುವ ಭದ್ರಾ ಚಾನಲ್ ಹಿಡಿದೇ ಹೇಳಿದೆ. ಮೈಯಲ್ಲೂ ದುಗ್ಧರಸ ಹರಿಯಲು ಅಂಥ ಚಾನಲ್‌ಗಳಿವೆ. ದೊಡ್ಡಮ್ಮನ ಕಂಕುಳಲ್ಲಿ ಚಾನಲ್ ಚೆನ್ನಾಗೇ ಇತ್ತು. ಕ್ಯಾನ್ಸರಿಗಾಗಿ ಅಲ್ಲಿನ ದುಗ್ಧಗ್ರಂಥಿ ತೆಗೆದು ರೇಡಿಯೇಷನ್ ಕೊಟ್ಟಾಗ ಕಡಿದುಹೋಯಿತು. ಅದು ವಂಶದ ಊತವಲ್ಲ. ಮಗಳಿಗೆ ಹುಟ್ಟಿನಿಂದಲೇ ನೀರು ಸಾಗಿಸುವ ವ್ಯವಸ್ಥೆ ಸರಿ ಇಲ್ಲದಿರಬಹುದು. ಊತ ಒಂದೇ ಥರ ಕಂಡರೂ ಕಾರಣ ಬೇರೆ.

ಮಾತಿನ ಮಧ್ಯೆ ಹುಡುಗಿ ಕಣ್ಣು ಉಜ್ಜುತ್ತಲೇ ಇದ್ದಳು. ಕೇಳಿದೆ. ರೆಪ್ಪೆಯ ಒಳಗೆ ಇನ್ನೊಂದು ಸಾಲು ಕೂದಲು, ಚುಚ್ಚುತ್ತವೆ, ಚಿಮಟದಲ್ಲಿ ಕೀಳುತ್ತಾಳಂತೆ. ಅಪ್ಪ ಮೆಲ್ಲಗೆ, "ನಾನೂ ಕೀಳ್ತೀನಿ. ನಮ್ಮವ್ವನೂ" ಎಂದರು. ನನಗೆ ಒಂಥರಾ ಜುಮ್ಮೆಂದಿತು. ಹೆಚ್ಚುವರಿ ರೆಪ್ಪೆಗೂದಲು, ಹದಿಹರೆಯದಲ್ಲಿ ಕಾಲೂತ, ಈ ಜೋಡಿಗೆ ಫಾಕ್ಸ್‌ಸಿ2 ಎಂಬ ಜೀನಿನಲ್ಲಿರುವ ದೋಷ ಕಾರಣ ಎಂದು 2000ದಲ್ಲೇ ಗೊತ್ತಾಗಿದೆ. ಅಪ್ಪ ಅಥವಾ ಅಮ್ಮನಲ್ಲಿ ಆ ದೋಷ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ರೋಗ ಹೇಳುವುದು ನನ್ನ ಕೆಲಸವಲ್ಲ. ಇದನ್ನು ವೈದ್ಯರಿಗೆ ಮೊದಲು ಹೇಳಿ, ಕಣ್ಣಿನ ಡಾಕ್ಟರಿಗೂ ತೋರಿಸಿ ಎಂದೆ.

ರಕ್ತದ ವಿಷಯಕ್ಕೆ ಬಂದೆವು. ಕೊಟ್ಟ ತಕ್ಷಣ ಕಾಲು ಇಳಿಯುವುದಿಲ್ಲ, ಸುಮ್ನೆ ಆಸೆ ಹುಟ್ಟಿಸಲಾರೆ ಎಂದು ಮೊದಲೇ ಹೇಳಿದೆ. ಒಲ್ಲೆ ಎಂದರೂ ಚಿಕಿತ್ಸೆ ನಿಲ್ಲಬಾರದು. ಒಪ್ಪಿದ ಮೇಲೂ ಹಿಂದೆ ಸರಿಯಬಹುದು. ಫಲಿತಾಂಶ ನಮಗೆ ಹೇಳುತ್ತೀರಾ, ಹೆಸರು ಯಾರಿಗೆಲ್ಲ ಕಾಣುತ್ತದೆ ಎಂದು ಕೇಳಿಯೇ ಸಹಿ ಹಾಕಿ ಎಂದೆ. ಇನ್ನೊಂದು ಮಾತನ್ನು ಅಪ್ಪನ ಎದುರೇ ಹೇಳಬೇಕಿತ್ತು: ಅವಳಿಗೆ 18 ತುಂಬಿದೆ, ಅವಳ ರಕ್ತಕ್ಕೆ ಸಹಿ ಅವಳದೇ. ಫಾರಂ ಅಪ್ಪನ ಜೇಬಿನಿಂದ ಅವಳ ಬ್ಯಾಗಿಗೆ ಹೋಯಿತು.

ಮದುವೆ ಮಾತು ಬಂದಾಗ ಮುಚ್ಚಿಡಿ ಎಂದು ನಾನು ಹೇಳಲಿಲ್ಲ. ಯಾವಾಗ, ಯಾರಿಗೆ ಹೇಳುವುದು ಅವಳೇ ನಿರ್ಧರಿಸಲಿ ಎಂದೆ. ಅಪ್ಪನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ.

ಉಳಿದದ್ದು ದಿನದಿನದ ಕೆಲಸ. ಫಿಸಿಯೋಥೆರಪಿಯವರಿಂದ ಬ್ಯಾಂಡೇಜ್ ಕಟ್ಟುವುದು ಕಲಿಯಬೇಕು. ಅಳತೆ ಕೊಟ್ಟ ಬಿಗಿ ಕಾಲುಚೀಲ, ಬೆರಳ ಸಂದು ಒಣಗಿಸಿಕೊಳ್ಳುವುದು, ನಡಿಗೆ ಬಿಡದಿರುವುದು. ಕಾಲು ಕೆಂಪಾಗಿ ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬಾರದು.

ಎರಡು ವಾರದ ಮೇಲೆ ಅವಳೊಬ್ಬಳೇ ಬಂದಳು. ರಕ್ತ ಕೊಟ್ಟಿದ್ದಾಳೆ, ಅಪ್ಪ ಇನ್ನೂ ಕೊಟ್ಟಿಲ್ಲ. ಈಗ ಅವಳ ತಕರಾರು ಕಾಲುಚೀಲದ್ದು: "ಮೇಡಂ, ದಾವಣಗೆರೆ ಬಿಸಿಲಿಗೆ ಇದನ್ನ ಹೆಂಗ್ ಹಾಕ್ಕೊಳ್ಳೋದು?"