ಓದುಗರ ಪ್ರಶ್ನೆ, ನಮ್ಮ ಉತ್ತರ: ಕೋಟೆ, ಕೆರೆ ಮತ್ತು ಜಾಲಿಮುಳ್ಳು

ಸೈಕಲ್ ಬಗ್ಗೆ ಏನಾದರೂ ಇದ್ದರೆ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಹಾಕಿದ್ದೆವು, ಅಷ್ಟೇ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ನಾನೂ ಆ ಕಡೆಯವನೇ. ಹಾಗಾಗಿ ಈ ಸಲ ಪೂರ್ತಿ ನಮ್ಮ ಕಡೆಯ ಮಾತು.

ಪ್ರಶ್ನೆ: ಆರು ತಿಂಗಳ ಹಿಂದೆ ಗೇರ್ ಸೈಕಲ್ ತಗೊಂಡೆ. ದಿನಾ ರಿಂಗ್ ರೋಡ್ ಸುತ್ತಿ ಬೇಜಾರಾಗಿದೆ. "ಇಲ್ಲಿ ಏನಿದೆ ನೋಡೋಕೆ, ಬರೀ ತೊಗರಿ ಹೊಲ, ಚಿಕ್ಕಮಗಳೂರಿಗೆ ಹೋಗು" ಅಂತಾರೆ ಗೆಳೆಯರು. ಎರಡು ದಿನದಲ್ಲಿ ಗುಡ್ಡ, ಕೆರೆ, ಕೋಟೆ ಎಲ್ಲಾ ಸಿಗುವ ದಾರಿ ಇದೆಯೇ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ಇದೆ. ಸುರಪುರದ ದಾರಿ ಹಿಡಿಯಿರಿ. ನಿಮ್ಮ ಗೆಳೆಯರು ಆ ಕಡೆ ಹೋಗಿದ್ದರೂ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹೋಗಿರಬೇಕು.

ಯಾದಗಿರಿಯಿಂದ ಶುರು ಮಾಡಿ. ಅಲ್ಲಿವರೆಗೆ ರೈಲಿದೆ, ಸೈಕಲ್ ಹಾಕುವುದಕ್ಕೆ ಪಾರ್ಸೆಲ್ ಆಫೀಸಿನಲ್ಲಿ ಒಂದು ದಿನ ಮೊದಲೇ ಕೇಳಿಟ್ಟುಕೊಳ್ಳಿ. ಯಾದಗಿರಿ ಕೋಟೆ ಊರ ತಲೆಯ ಮೇಲೇ ಇದೆ, ಆದರೆ ನಡೆದೇ ಹತ್ತಬೇಕು. ಸೈಕಲ್ ಹೊಡೆಯುವ ದಿನ ಬೆಳಗ್ಗೆಯೇ ಕೋಟೆ ಹತ್ತಿ ತೊಡೆ ಹಿಡಿಸಿಕೊಳ್ಳಬೇಡಿ, ಅದು ಇನ್ನೊಂದು ದಿನಕ್ಕಿರಲಿ. ಭೀಮೆಯ ಸೇತುವೆ ದಾಟಿದರೆ ಶಹಾಪುರಕ್ಕೆ ಸುಮಾರು 35 ಕಿ.ಮೀ. ಅಲ್ಲಿ ಗುಡ್ಡದ ಸಾಲೇ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ. ಫೋಟೋದಲ್ಲಿ ನೋಡಿ ನಾನು ನಂಬಿರಲಿಲ್ಲ. ಊರ ಹೊರಗೆ ನಿಂತು ಸರಿಯಾದ ಕೋನ ಸಿಕ್ಕ ಮೇಲೆ ಬೇರೆ ಏನೂ ಕಾಣಲೇ ಇಲ್ಲ. ಶಹಾಪುರ ದಾಟಿದರೆ ಮತ್ತೆ 25 ಕಿ.ಮೀ.ಗೆ ಸುರಪುರ. ಆ ದಾರಿಯಲ್ಲಿ ನಾರಾಯಣಪುರ ಡ್ಯಾಮಿನ ಕಾಲುವೆ ನೀರು ಸಿಕ್ಕ ಕಡೆಯೆಲ್ಲ ಭತ್ತ. ಅಲ್ಲಿತನಕ ಎರೆಹೊಲ ನೋಡಿ ನೋಡಿ ದಣಿದ ಕಣ್ಣಿಗೆ ಆ ಹಸಿರು ಒಮ್ಮೆಲೇ ಬಂದು ಬೀಳುತ್ತದೆ, ಗಾಳಿಯೂ ಒಂಚೂರು ತಣ್ಣಗಾಗುತ್ತದೆ.

ಸುರಪುರ ಗುಡ್ಡಗಳ ನಡುವೆ ಬಟ್ಟಲಲ್ಲಿಟ್ಟ ಹಾಗಿರುವ ಊರು. 60 ಕಿ.ಮೀ. ತುಳಿದು ಬಂದ ಕಾಲಿಗೆ ಇಲ್ಲಿನ ಏರು ಸುಮ್ನೆ ಬಿಡುವುದಿಲ್ಲ. 1840ರ ದಶಕದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇದೆ, ಜನ ಟೇಲರ್ ಮಂಜಿಲ್ ಅನ್ನುತ್ತಾರೆ. ಅದರ ದಾರಿಯಲ್ಲಿ ನಾನು ಎಲ್ಲಕ್ಕಿಂತ ಸಣ್ಣ ಗೇರಿಗೆ ಬಂದರೂ ಮುಂದಿನ ಚಕ್ರ ಅತ್ತ ಇತ್ತ ಓಲಾಡುತ್ತಿತ್ತು. ಪಕ್ಕದಲ್ಲಿ ಓಡುತ್ತಿದ್ದ ಹುಡುಗನೊಬ್ಬ "ಇಳದ್ ಹೊಂಟ್ರ ಲಗೂ ಮುಟ್ಟತೀರ್ರಿ" ಅಂದ. ಇಳಿದೆ. ಅವನು ಹೇಳಿದ್ದೇ ಸರಿ.

ರಾತ್ರಿ ಊರಲ್ಲೇ ಉಳಿದು ಬೆಳಗ್ಗೆ ವಾಗಣಗೇರಾ ಕಡೆ ಹೋಗಿ, ಹತ್ತಿರವೇ ಇದೆ. ನೋಡಿದರೆ ಇದೇನು ಮಹಾ ಕೋಟೆ ಅನ್ನಿಸುತ್ತದೆ. ಆದರೆ 1705ರಲ್ಲಿ ಮುದುಕನಾಗಿದ್ದ ಔರಂಗಜೇಬ್ ತಾನೇ ದಂಡು ಕಟ್ಟಿಕೊಂಡು ಬಂದು ಮುತ್ತಿದ ಕೊನೆಯ ಕೋಟೆ ಇದು. ತಿಂಗಳುಗಟ್ಟಲೆ ಕಾದಾಡಿ ಒಳಗೆ ನುಗ್ಗುವಷ್ಟರಲ್ಲಿ ಕೋಟೆ ಕಾಯುತ್ತಿದ್ದ ಸುರಪುರದ ಬೇಡರ ಪಡೆ ಜಾಗ ಖಾಲಿ ಮಾಡಿತ್ತು. ಅದು ಹೇಗೆ ಸಾಧ್ಯವಾಯ್ತು ಅಂತ ಪುಸ್ತಕದಲ್ಲಿ ಓದಿದಾಗ ನನಗೆ ಹೊಳೆದಿರಲಿಲ್ಲ. ಸೈಕಲ್ ಮೇಲೆ ಹೋದಾಗ ಹೊಳೆಯಿತು. ಬಂಡೆ, ಸಣ್ಣ ಗುಡ್ಡ, ಮತ್ತೆ ಬಂಡೆ, ನೂರು ಗಜ ಮುಂದೇನಿದೆ ಅಂತ ಕಾಣುವುದಿಲ್ಲ. ತೋಪು ಎಳೆದುಕೊಂಡು ಬಂದವರಿಗೆ ಅಲ್ಲಿ ಎಷ್ಟು ಹಿಂಸೆಯಾಗಿರಬೇಕು, ಅಲ್ವಾ?

ಅಲ್ಲಿಂದ ಬೋನಾಳ ಕೆರೆ. ಸುರಪುರದ ನಾಯಕರ ಕಾಲದ ಕೆರೆ, ಈಗ ಪಕ್ಷಿಧಾಮ. ಚಳಿಗಾಲದಲ್ಲಿ ದೂರದೇಶದ ಬಾತುಗಳು ಬರುತ್ತವೆ. ಬೆಳಗ್ಗೆ ಎಂಟರೊಳಗೆ ಮುಟ್ಟಿ, ಸೈಕಲ್ ದೂರ ನಿಲ್ಲಿಸಿ ನಡೆದು ಹೋಗಿ. ಬ್ರೇಕ್ ಕಿರ್ ಅಂದರೂ ಇಡೀ ಹಿಂಡು ಏಳುತ್ತದೆ.

ಒಂದು ಎಚ್ಚರಿಕೆ. ಈ ದಾರಿಯಲ್ಲೇ ನಾನು ಒಮ್ಮೆ ಮಾರ್ಚ್‌ನಲ್ಲಿ, ಒಂದೇ ಬಾಟಲಿ ನೀರಿಟ್ಟುಕೊಂಡು ಮಟಮಟ ಮಧ್ಯಾಹ್ನ ವಾಪಸ್ ಹೊರಟಿದ್ದೆ. ಎರಡೂ ಮೀನಖಂಡ ಹಿಡಿದುಕೊಂಡು ಒಂದು ಹಳ್ಳಿಯ ಬೇವಿನ ಕಟ್ಟೆ ಮೇಲೆ ಬಿದ್ದುಕೊಂಡೆ. ಒಬ್ಬ ಅವ್ವ ತಂಬಿಗೆ ತುಂಬ ಮಜ್ಜಿಗೆ ತಂದು, ಕೈಯಿಂದಲೇ ಉಪ್ಪು ಹಾಕಿ ಕಲಸಿ ಕೊಟ್ಟು, "ಯಾಕ ತಮ್ಮಾ, ಮನ್ಯಾಗ ಹೇಳೋರು ಕೇಳೋರು ಯಾರೂ ಇಲ್ಲೇನು ನಿನಗ?" ಅಂದಳು. ಅವತ್ತಿನಿಂದ ಎರಡು ಬಾಟಲಿ, ಜೇಬಲ್ಲಿ ಉಪ್ಪಿನ ಪೊಟ್ಟಣ, ಹನ್ನೊಂದು ಗಂಟೆಯೊಳಗೆ ನೆರಳು.

ಪ್ರಶ್ನೆ: ನಾನು ಬೀದರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಇರುವುದು ಅಪ್ಪನ ಹಳೇ ಸೈಕಲ್, ಗೇರ್ ಇಲ್ಲ. ಇದರಲ್ಲಿ ಏನಾದರೂ ನೋಡಿಕೊಂಡು ಬರಬಹುದಾ?
(ವಿದ್ಯಾರ್ಥಿ, ಬೀದರ್)

ಉತ್ತರ: ತಮ್ಮಾ, ನಿನ್ನ ಊರಲ್ಲಿ ಗೇರ್ ಬೇಕಾಗುವುದೇ ಇಲ್ಲ. ಬೀದರ್ ಇರುವುದು ಸುಮಾರು 660 ಮೀಟರ್ ಎತ್ತರದ ದಿಬ್ಬದ ಮೇಲೆ, ಮೇಲೆ ಮಾತ್ರ ಹೆಚ್ಚೂ ಕಮ್ಮಿ ಸಮ. ಕೋಟೆಯಿಂದ ಪೂರ್ವಕ್ಕೆ ಹೊರಡು, ಚೌಖಂಡಿ ಅನ್ನುವ ಸಂತರ ಗೋರಿ ದಾಟಿದರೆ ಅಷ್ಟೂರಿನ ಬಹಮನಿ ಗುಮ್ಮಟಗಳು. ಅದರಲ್ಲಿ ಹುಮಾಯೂನ್ ಷಾನದು ಅರ್ಧ ಒಡೆದು ನಿಂತಿದೆ, ಗೋಡೆ ಎಷ್ಟು ದಪ್ಪ ಅಂತ ಕತ್ತರಿಸಿ ತೋರಿಸಿದ ಹಾಗೆ. ವಾಪಸ್ ಬಂದು 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಆಮೇಲೆ ಪಶ್ಚಿಮಕ್ಕೆ ಬರೀದ್ ಷಾಹಿ ಗೋರಿಗಳು, ಕೊನೆಗೆ ನೌಬಾದ್. ಅಲ್ಲಿ ನೆಲದಡಿ ಸುರಂಗ ಕೊರೆದು ನೀರು ಹರಿಸಿದ ಕರೇಜ್ ಇದೆ. ಎಲ್ಲಾ ಸೇರಿ 25 ಕಿ.ಮೀ. ಆಸುಪಾಸು. ಒಂದು ಮಾತು ನೆನಪಿಟ್ಟುಕೋ: ದಿಬ್ಬದಿಂದ ಕೆಳಗಿಳಿಯುವ ಯಾವ ರಸ್ತೆಯೂ ಹೋಗುವಾಗ ಖುಷಿ, ಬರುವಾಗ ಅಳು. ಹೊರಡುವ ಮುಂಚೆ ಬ್ರೇಕ್ ರಬ್ಬರ್ ಬದಲಾಯಿಸು.

ಪ್ರಶ್ನೆ: ವಾರಕ್ಕೆ ಮೂರು ಸಲ ಪಂಚರ್. ಅಂಗಡಿಯವನು ಟೈರ್ ಬದಲಿಸಿ ಅಂತಾನೆ, ಬದಲಿಸಿದೆ, ಮತ್ತೆ ಪಂಚರ್.
(ಓದುಗರೊಬ್ಬರು, ಸೇಡಂ)

ಉತ್ತರ: ಟೈರಿನ ತಪ್ಪಲ್ಲ, ಜಾಲಿ. ಅದರ ಮುಳ್ಳು ಟೈರಿನಲ್ಲಿ ಮುರಿದು ತುದಿ ಒಳಗೇ ಉಳಿಯುತ್ತದೆ. ಟ್ಯೂಬಿಗೆ ತೇಪೆ ಹಾಕಿ ಹಾಗೇ ಕೂಡಿಸಿದರೆ ನಾಳೆ ಅದೇ ತುದಿ ಮತ್ತೆ ಚುಚ್ಚುತ್ತದೆ. ಪಂಚರ್ ಆದಾಗ ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಎಷ್ಟು ದೂರ ಅಂತ ಅಳೆದು ಟೈರಿನಲ್ಲೂ ಅದೇ ಜಾಗ ನೋಡಿ. ಒಳಗಡೆ ಹತ್ತಿಬಟ್ಟೆ ನಿಧಾನವಾಗಿ ಎಳೆಯಿರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮುಳ್ಳು. ಬೆರಳಿನಿಂದ ಸವರಲು ಹೋಗಬೇಡಿ, ನನ್ನ ಹೆಬ್ಬೆರಳು ಕೇಳಿ. ಇನ್ನೊಂದು, ಸುಗ್ಗಿಯಲ್ಲಿ ರಸ್ತೆ ಮೇಲೆ ರಾಶಿ ಹರವಿರುತ್ತಾರೆ. ತೊಗರಿ ಕಟ್ಟಿಗೆಯ ಚೂರೂ ಮುಳ್ಳಿಗೆ ಕಮ್ಮಿಯಿಲ್ಲ, ಕಾಳೂ ಜಾರುತ್ತದೆ. ಅಲ್ಲಿ ಇಳಿದು ನಡೆಯಿರಿ.

ಪ್ರಶ್ನೆ: ಕಲಬುರಗಿಯಿಂದ ಮಳಖೇಡ ಕೋಟೆಗೆ ಹೋಗಬೇಕು. ರಸ್ತೆ ಹೇಗಿದೆ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ದೂರ ಸುಮಾರು 40 ಕಿ.ಮೀ. ರಾಷ್ಟ್ರಕೂಟರ ರಾಜಧಾನಿ, ಕಾಗಿಣಾ ನದಿಯ ದಂಡೆ, ಎಲ್ಲಾ ಸರಿ, ಆದರೆ ಅದು ಸಿಮೆಂಟ್ ಲಾರಿಗಳ ದಾರಿ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಡಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಹಿಂದೆ ಕೆಂಪು ದೀಪ ಇರಲಿ. ಸಂಜೆ ಹೊತ್ತು ಆ ರಸ್ತೆಗೆ ಸೈಕಲ್ ತರಲೇಬೇಡಿ.

ಪ್ರಶ್ನೆ: ನಾನು, ನನ್ನ ಗೆಳತಿ ಇಬ್ಬರೂ ಶಿಕ್ಷಕಿಯರು. ಹುಮನಾಬಾದಿನಿಂದ ಒಂದು ಬೆಳಗ್ಗೆ ಹೋಗಿಬರುವ ಜಾಗ ಹೇಳಿ. ಜನ ನೋಡಿ ನಗ್ತಾರೆ ಅನ್ನೋ ಅಳುಕೂ ಇದೆ.
(ಓದುಗರೊಬ್ಬರು, ಹುಮನಾಬಾದ್)

ಉತ್ತರ: ನಗ್ತಾರೆ ಮೇಡಂ. ಮೊದಲ ಎರಡು ವಾರ. ಮೂರನೇ ವಾರ ಹೋಗದಿದ್ದರೆ ಚಹಾ ಅಂಗಡಿಯವರೇ "ಯಾಕ್ರಿ ಅಕ್ಕಾರ, ಹ್ವಾದ ವಾರ ಬರಲಿಲ್ಲ" ಅಂತಾರೆ. ಜಲಸಂಗ್ವಿಗೆ ಹೋಗಿ, ಹತ್ತು ಕಿ.ಮೀ. ಆಸುಪಾಸು. ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಿದ್ದಾಳೆ. ಟೀಚರುಗಳು ನೋಡಲೇಬೇಕಾದ ಶಿಲ್ಪ. ಬೆಳಗಿನ ಓರೆ ಬಿಸಿಲಿದ್ದರೆ ಅಕ್ಷರ ಚೆನ್ನಾಗಿ ಕಾಣುತ್ತವೆ. ಹೆದ್ದಾರಿಯಲ್ಲಿ ಅಕ್ಕಪಕ್ಕ ಮಾತಾಡುತ್ತಾ ಹೋಗಬೇಡಿ, ಒಬ್ಬರ ಹಿಂದೆ ಒಬ್ಬರು. ಕುರಿ ಕಾಯುವ ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ ನಡುವೆ ಅಡ್ಡ ಹಿಡಿದು ನಡೆಯಿರಿ. ಕುರುಬರನ್ನು ಒಂದು ಕೂಗು ಕೂಗಿ, ಅವರೇ ಗದರಿಸುತ್ತಾರೆ.

ಪ್ರಶ್ನೆ: ಮೇ ತಿಂಗಳು ರಜೆ. ಬೀದರಿನಿಂದ ಕಲಬುರಗಿಗೆ ಒಂದೇ ದಿನದಲ್ಲಿ ಹೊಡೆಯೋಣ ಅಂತಿದ್ದೇವೆ.
(ಗೆಳೆಯರ ಗುಂಪು, ಭಾಲ್ಕಿ)

ಉತ್ತರ: ಬೇಡ. 40 ಡಿಗ್ರಿ ದಾಟುವ ಬಿಸಿಲಲ್ಲಿ 110 ಕಿ.ಮೀ. ಡಾಂಬರು ಕೆಳಗಿನಿಂದಲೂ ಸುಡುತ್ತದೆ. ಡಿಸೆಂಬರಿಗೆ ಇಟ್ಟುಕೊಳ್ಳಿ. ಒಟ್ಟಾರೆ ಇಳಿಜಾರೇ ಜಾಸ್ತಿ, ಚಳಿಗಾಲದ ಗಾಳಿಯೂ ಹೆಚ್ಚಾಗಿ ಪೂರ್ವದ ಕಡೆಯಿಂದ ಬೀಸಿ ಬೆನ್ನು ತಳ್ಳುತ್ತದೆ. ದಾರಿಯಲ್ಲಿ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಗುತ್ತದೆ. ತಲಾ ಎರಡು ತಿನ್ನಿ, ಕಲಬುರಗಿ ಮುಟ್ಟುವವರೆಗೆ ಬೇರೇನೂ ಬೇಕಾಗುವುದಿಲ್ಲ.