ಕಿವಿರಿನ ಬಿಳಿ ಗಂಟು: ಹೊಸ ಪ್ರಭೇದವೆನ್ನಲು ಏನೇನು ಬೇಕು?

ಕುಣಿಗಲ್ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಮಾರ್ಕೋನಹಳ್ಳಿ ಜಲಾಶಯದ್ದೆಂದು ಸಂತೆಯಲ್ಲಿ ಮಾರಿದ ರೋಹು ಮೀನನ್ನು ಹಸನು ಮಾಡುವಾಗ ಕಿವಿರಿನ ಎಳೆಗಳ ಮೇಲೆ ಗಸಗಸೆಯಷ್ಟು ಬಿಳಿ ಗಂಟುಗಳು ಕಂಡವು. ಪ್ರಾಣಿಶಾಸ್ತ್ರ ಓದುತ್ತಿರುವ ಮಗಳು ಒಂದನ್ನು ಒಡೆದು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆಯಾಕಾರದ ಕಣಗಳು, ಪ್ರತಿಯೊಂದರ ತುದಿಯಲ್ಲೂ ಜೋಡಿ ಚೀಲ. ಪಠ್ಯಪುಸ್ತಕದ ಚಿತ್ರಕ್ಕೆ ಅದು ಹೊಂದಲಿಲ್ಲ. ಇದು ಹೊಸ ಪ್ರಭೇದವೇ, ಇದಕ್ಕೆ ಊರಿನ ಹೆಸರಿಡಬಹುದೇ, ಆ ಮೀನು ತಿಂದವರಿಗೆ ತೊಂದರೆಯಿದೆಯೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಕೊನೆಯ ಪ್ರಶ್ನೆ ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇವೆ. ನೀವು ಕಳಿಸಿದ ಚಿತ್ರದಲ್ಲಿರುವುದು ಮೈಕ್ಸೋಬೋಲಸ್ ಕುಲದ ಬೀಜಾಣುಗಳಂತೆ ತೋರುತ್ತದೆ. ಇವು ಮೀನಿನ ಪರಾವಲಂಬಿಗಳೇ ಹೊರತು ಮನುಷ್ಯನ ದೇಹದಲ್ಲಿ ನೆಲೆಯೂರುವಂಥವಲ್ಲ. ಕಿವಿರನ್ನು ಹೇಗೂ ಕಿತ್ತೆಸೆಯುತ್ತೀರಿ, ಉಳಿದದ್ದು ಸಾರಿನಲ್ಲಿ ಚೆನ್ನಾಗಿ ಬೇಯುತ್ತದೆ. ಆತಂಕಕ್ಕೆ ಕಾರಣವಿಲ್ಲ.

ಹೊಸ ಪ್ರಭೇದವೇ ಎಂಬುದಕ್ಕೆ ಮಾತ್ರ ಅಷ್ಟು ಬೇಗ ಉತ್ತರ ಸಿಗದು. ಪಠ್ಯಪುಸ್ತಕದಲ್ಲಿ ಈ ಕುಲದ ಒಂದೋ ಎರಡೋ ಚಿತ್ರಗಳಿರುತ್ತವೆ. ಆದರೆ ಈವರೆಗೆ ವಿವರಿಸಲ್ಪಟ್ಟ ಮೈಕ್ಸೋಬೋಲಸ್ ಪ್ರಭೇದಗಳು 900ಕ್ಕೂ ಹೆಚ್ಚು, ಮತ್ತು ಅವುಗಳಲ್ಲಿ ಬಂಗಾಳ, ಪಂಜಾಬ್ ಮುಂತಾದ ಕಡೆಯ ಗೆಂಡೆ ಮೀನುಗಳಲ್ಲಿ ಸಿಕ್ಕವೇ ಹಲವಾರಿವೆ. ರೋಹುವಿನ ಮಟ್ಟಿಗೆ ಇದು ಮುಖ್ಯ, ಏಕೆಂದರೆ ರೋಹು, ಮಾರ್ಕೋನಹಳ್ಳಿ ಜಲಾಶಯವಿರುವ ಶಿಂಷಾ ನದಿಯ ಸೀಮೆಯ ಮೂಲ ಮೀನಲ್ಲ. ಅದಕ್ಕೆ 1822ರಲ್ಲಿ ವೈಜ್ಞಾನಿಕ ಹೆಸರಿಟ್ಟ ಫ್ರಾನ್ಸಿಸ್ ಹ್ಯಾಮಿಲ್ಟನ್, 1800ರಲ್ಲಿ ಶಿರಾ, ಕೋಲಾರಗಳನ್ನು ಹಾದು ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್‌ನೇ ಹೌದಾದರೂ (ಹ್ಯಾಮಿಲ್ಟನ್ ಎಂಬುದು ಅವನು ಆಮೇಲೆ ತಳೆದ ಹೆಸರು), ಅವನು ಆ ಮೀನನ್ನು ವಿವರಿಸಿದ್ದು ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ. ನಮ್ಮ ಕೆರೆಗಳಿಗೆ ರೋಹು, ಕಾಟ್ಲಾ, ಮೃಗಾಲಗಳು ಬಂದದ್ದು ಬಿತ್ತನೆ ಮರಿಗಳಾಗಿ, ಮರಿಗಳೊಡನೆ ಅವುಗಳ ಪರಾವಲಂಬಿಯೂ ಬಂದಿರಬಹುದು. ಆದ್ದರಿಂದ ತುಮಕೂರು ಜಿಲ್ಲೆಗೆ ಹೊಸದಾದದ್ದು ವಿಜ್ಞಾನಕ್ಕೆ ಹಳೆಯದಾಗಿರುವ ಸಾಧ್ಯತೆಯೇ ಹೆಚ್ಚು.

ರೂಪವನ್ನಷ್ಟೇ ನಂಬಿದರೆ ಎಂಥ ಪೇಚಾಟವಾಗುತ್ತದೆ ಎಂಬುದಕ್ಕೆ ಇದೇ ಗುಂಪಿನ ಇತಿಹಾಸದಲ್ಲಿ ಒಳ್ಳೆಯ ನಿದರ್ಶನವಿದೆ. ಟ್ರೌಟ್ ಮೀನನ್ನು ಗಿರಗಿರನೆ ಸುತ್ತುವಂತೆ ಮಾಡುವ ಮೈಕ್ಸೋಬೋಲಸ್ ಸೆರೆಬ್ರಾಲಿಸ್‌ನ ಬೀಜಾಣು ಕೆಸರಿಗಿಳಿದು, ಟ್ಯೂಬಿಫೆಕ್ಸ್ ಎಂಬ ಕೂದಲೆಳೆಯಂಥ ಹುಳುವಿನ ಹೊಟ್ಟೆ ಸೇರಿ, ಅಲ್ಲಿ ಮೂರು ಉದ್ದ ತೋಳುಗಳ ಬೇರೊಂದು ರೂಪ ತಾಳಿ, ನೀರಿನಲ್ಲಿ ತೇಲಿ ಮತ್ತೆ ಮೀನನ್ನು ಹೊಗುತ್ತದೆಂದು ವುಲ್ಫ್ ಮತ್ತು ಮಾರ್ಕಿವ್ ಎಂಬ ವಿಜ್ಞಾನಿಗಳು 1984ರಲ್ಲಿ ತೋರಿಸಿದರು. ಅದುವರೆಗೆ ಹುಳುವಿನಲ್ಲಿದ್ದುದಕ್ಕೊಂದು ಹೆಸರು, ಮೀನಿನಲ್ಲಿದ್ದುದಕ್ಕೊಂದು ಹೆಸರು. ಎರಡನ್ನೂ ಬೇರೆ ಬೇರೆ ವರ್ಗಗಳಲ್ಲೇ ಇಟ್ಟಿದ್ದರು.

ಇನ್ನು ಮಾಡಬೇಕಾದ ಕೆಲಸದ ಮಾತು. ಒಂದು ಚಿತ್ರ ಸಾಲದು. ಬೀಜಾಣುಗಳು ತಾಜಾ ಇರುವಾಗಲೇ ಕನಿಷ್ಠ ಇಪ್ಪತ್ತು ಮೂವತ್ತನ್ನು ಅಳೆಯಬೇಕು: ಉದ್ದ, ಅಗಲ, ಪಕ್ಕಕ್ಕೆ ಹೊರಳಿದಾಗ ಕಾಣುವ ದಪ್ಪ, ಆ ಜೋಡಿ ಚೀಲಗಳ ಉದ್ದ, ಚೀಲದೊಳಗಿನ ತಂತುವಿನ ಸುರುಳಿಗಳೆಷ್ಟು ಎಂಬುದು. ಇಡೀ ಬೀಜಾಣುವೇ ಹತ್ತು ಮೈಕ್ರಾನ್ ಆಸುಪಾಸಿನದು, ಹೀಗಾಗಿ ನೂರು ಪಟ್ಟಿನ ಎಣ್ಣೆ ಮಸೂರವಿಲ್ಲದೆ ಸುರುಳಿ ಎಣಿಸಲಾಗದು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಂಡಿಯನ್ ಇಂಕ್ ಬೆರೆಸಿದರೆ, ಬೀಜಾಣುವಿನ ಸುತ್ತ ಲೋಳೆಯ ಹೊದಿಕೆಯಿದ್ದರೆ ಅದು ಕಪ್ಪಿನ ನಡುವೆ ಬೆಳ್ಳಗೆ ಎದ್ದು ಕಾಣುತ್ತದೆ. ಅಯೋಡಿನ್ ಹಾಕಿದರೆ ಒಳಗಿನ ರಸಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ. ಗಂಟು ಕಿವಿರಿನ ಎಳೆಯ ತುದಿಯಲ್ಲಿತ್ತೇ, ಬುಡದಲ್ಲಿತ್ತೇ, ರಕ್ತನಾಳದೊಳಗಿತ್ತೇ ಎಂಬುದನ್ನೂ ಬರೆದಿಡಬೇಕು, ಏಕೆಂದರೆ ಇವುಗಳಲ್ಲಿ ಹಲವು ತಮ್ಮ ಜಾಗವನ್ನು ಬಿಟ್ಟು ಕದಲುವುದಿಲ್ಲ.

ಅಳತೆಗಳು ಹೊಂದಿದರೂ, ಹೊಂದದಿದ್ದರೂ, ಪ್ರಭೇದಗಳನ್ನು ಹೋಲಿಸಲು ಬಳಸುವ 18ಎಸ್ ಎಂಬ ವಂಶವಾಹಿಯ ಅನುಕ್ರಮ, ಅಂದರೆ ಅದರ ಡಿಎನ್‌ಎ ಅಕ್ಷರಗಳ ಸಾಲು, ಬೇಕೇ ಬೇಕು. ಇಲ್ಲಿ ಒಂದು ಎಚ್ಚರಿಕೆ: ನಿಮ್ಮ ಮಗಳು ಎಲ್ಲವನ್ನೂ ಫಾರ್ಮಲಿನ್‌ನಲ್ಲಿ ಹಾಕಿಟ್ಟಿರುವುದಾಗಿ ಬರೆದಿದ್ದೀರಿ. ಆಕಾರ ಉಳಿಸಲು ಅದು ಸರಿ, ಆದರೆ ಡಿಎನ್‌ಎಯನ್ನು ಅದು ಹಾಳುಗೆಡವುತ್ತದೆ. ಮುಂದಿನ ಸಲ ಅರ್ಧ ಗಂಟುಗಳನ್ನು ಶೇ 95ರ ಇಥನಾಲ್‌ನಲ್ಲಿ ಬೇರೆಯೇ ಇಡಲಿ. ದೊಡ್ಡ ತೊಡಕು ನಮ್ಮಲ್ಲೇ ಇದೆ. ಭಾರತದಿಂದ ವರದಿಯಾದ ಹಳೆಯ ಪ್ರಭೇದಗಳಲ್ಲಿ ಹಲವಕ್ಕೆ ಕೈಯಲ್ಲಿ ಬಿಡಿಸಿದ ರೇಖಾಚಿತ್ರ ಬಿಟ್ಟರೆ ಅನುಕ್ರಮವಿಲ್ಲ. ಅಂಥದ್ದರೊಡನೆ ಹೋಲಿಸಬೇಕಾದರೆ ಮೊದಲು ಸಿಕ್ಕ ಊರಿಗೇ ಹೋಗಿ, ಅದೇ ಮೀನಿನ ಅದೇ ಅಂಗದಿಂದ ಮತ್ತೆ ಸಂಗ್ರಹಿಸಬೇಕಾಗುತ್ತದೆ. ಹೊಸ ಹೆಸರು ಕೊಡುವ ಆತುರದಲ್ಲಿ ಈ ಬೇಸರದ ಕೆಲಸವನ್ನು ಬಿಟ್ಟುಬಿಡುವವರೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ನಿಮ್ಮ ಮಾದರಿಗೆ ಇನ್ನೊಂದು ಕೊರತೆಯಿದೆ: ಅದು ಮಾರ್ಕೋನಹಳ್ಳಿಯದೆಂಬುದು ಮಾರಿದವರ ಮಾತು. ಬಲೆ ಎಳೆಯುವವರಿಂದ ದಡದಲ್ಲೇ ಮೀನು ಕೊಂಡು, ಇಡೀ ಮೀನಿನ ಚಿತ್ರ ತೆಗೆದು, ದಿನಾಂಕ ಬರೆದಿಡಿ. ನಿಜಕ್ಕೂ ಹೊಸದೆಂದು ತೀರ್ಮಾನವಾದರೆ, 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಅದನ್ನು ನಿಯೋಜಿತ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ಪ್ರಾಣಿಗಳಿಗೆ ಅಂಥ ಸಂಗ್ರಹಾಲಯ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ. ಊರಿನ ಹೆಸರಿಡಲು ಯಾವ ಅಡ್ಡಿಯೂ ಇಲ್ಲ. ವಿವರಣೆ ಬರೆದು ಪ್ರಕಟಿಸಿದವರಿಗೆ ಆ ಹಕ್ಕು.

ಅಲ್ಲಿಯವರೆಗೆ ಕಿತ್ತ ಕಿವಿರು, ಕರುಳುಗಳನ್ನು ಕೆರೆಗೆ ಎಸೆಯದೆ ಹೂತುಬಿಡಿ. ಮಗಳು ಹೊಸ ಮಾದರಿಯ ಅಳತೆಗಳನ್ನು ಕಳಿಸಿಕೊಟ್ಟರೆ ಮೀನುಗಾರಿಕೆ ವಿಜ್ಞಾನದ ಪರಿಣತರೊಬ್ಬರಿಗೆ ತಲುಪಿಸುವ ಹೊಣೆ ನಮ್ಮದು.

– ಸಂಪಾದಕ