ಬಾರದೇ ಉಳಿದ 29 ಜನ

ಆ ಹುಡುಗಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವಳ ಹೆಸರು ನೀಲಾ ಅಂತ ಇಟ್ಟುಕೊಳ್ಳೋಣ.

ನೀಲಾ ವಿಜಯಪುರ ಕಡೆಯವಳು. ಮುಂಬೈಯಲ್ಲಿ ಜನರಲ್ ಮೆಡಿಸಿನ್ ಎಂಡಿ ಮಾಡುತ್ತಿದ್ದಾಳೆ, ಎರಡನೇ ವರ್ಷ. ಮಾಟುಂಗಾದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಮೊದಲ ಸಲ ಬಂದಾಗ ಜೋರು ಮಳೆ. ಮೂವತ್ತು ಗಂಟೆ ಡ್ಯೂಟಿ ಮುಗಿಸಿ, ಏಪ್ರನ್ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಹಾಸ್ಟೆಲ್‌ಗೂ ಹೋಗದೆ ನೇರವಾಗಿ ಬಂದಿದ್ದಳು. ಕೂತವಳು "ನಿದ್ದಿ ಬರವಲ್ದು ಅಕ್ಕಾರ, ಬಂದ್ರೂ ರಾತ್ರಿ ಮೂರಕ್ಕ ಎಚ್ಚರ ಆಗ್ತೈತಿ" ಅಂದಳು. ಅಷ್ಟಕ್ಕೇ ಕಣ್ಣು ತುಂಬಿತು. ದಿನವಿಡೀ ಮರಾಠಿ, ಹಿಂದಿ, ಇಂಗ್ಲಿಷ್‌ನಲ್ಲಿ ಮಾತಾಡುವ ಮಕ್ಕಳು ನನ್ನೆದುರು ಕೂತು ಕನ್ನಡಕ್ಕೆ ಬಂದ ಕೂಡಲೇ ಹೀಗಾಗುವುದನ್ನು ತುಂಬ ಸಲ ನೋಡಿದ್ದೇನೆ.

ಸುಮಾರು ಮುಕ್ಕಾಲು ಗಂಟೆ ಡ್ಯೂಟಿ, ಮೆಸ್ಸಿನ ಊಟ, ವಾರ್ಡಿನಲ್ಲಿ ಎಲ್ಲರೆದುರು ಬೈಸಿಕೊಂಡಿದ್ದು, ಇವೇ ಮಾತು. ಅವಳ ವಾರದ ಕೆಲಸವನ್ನು ಇಬ್ಬರೂ ಕೂತು ಲೆಕ್ಕ ಹಾಕಿದೆವು. ತೊಂಬತ್ತು ಗಂಟೆ ದಾಟಿತು. ವಾರಕ್ಕೆ 74 ಗಂಟೆಗಿಂತ ಜಾಸ್ತಿ ಬೇಡ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾರ್ಯಪಡೆ 2024ರಲ್ಲೇ ಶಿಫಾರಸು ಮಾಡಿದೆ. ಅದೂ ಕಡಿಮೆಯೇನಲ್ಲ. ಇದು ದಣಿವಿನ ಕಥೆ ಅಂತಲೇ ನಾನು ಅಂದುಕೊಂಡಿದ್ದೆ. ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು, "ಇಲ್ಲಿ ಹೇಳಿದ್ದು ಹೊರಗ ಹೋಗಂಗಿಲ್ಲ ಅಲ್ರೀ?" ಅಂತ ಕೇಳಿದಳು. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ ಮಾತ್ರ ಹೇಳಬೇಕಾಗುತ್ತದೆ, ಉಳಿದದ್ದು ಹೋಗುವುದಿಲ್ಲ ಅಂದೆ. ವಾಪಸ್ ಬಂದು ಕೂತಳು.

ವಿಷಯ ಇದ್ದದ್ದು ಥೀಸಿಸ್‌ನಲ್ಲಿ, ಅಂದರೆ ಅವಳ ಸಂಶೋಧನಾ ಪ್ರಬಂಧದಲ್ಲಿ. ಎಂಡಿ ಮೂರು ವರ್ಷದ್ದು, ಫೈನಲ್ ಪರೀಕ್ಷೆಗೆ ಕನಿಷ್ಠ ಆರು ತಿಂಗಳು ಮೊದಲು ಥೀಸಿಸ್ ಕೊಡಬೇಕು. ನೀಲಾಳದ್ದು ಸಕ್ಕರೆ ಕಾಯಿಲೆಯವರ ಮೇಲಿನ ಅಧ್ಯಯನ. 100 ರೋಗಿಗಳಿಗೆ ಊಟ, ಮಾತ್ರೆ, ಕಾಲಿನ ಆರೈಕೆ ಬಗ್ಗೆ ಕೂತು ತಿಳಿಸಿ ಹೇಳುವುದು, ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಅನ್ನುವ ರಕ್ತದ ಟೆಸ್ಟ್ ಮತ್ತೆ ಮಾಡಿ ವ್ಯತ್ಯಾಸ ನೋಡುವುದು. ಮೂರು ತಿಂಗಳು ಯಾಕೆ ಅಂತ ಅವಳೇ ನನಗೆ ಹೇಳಿಕೊಟ್ಟಳು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದಂತೆ, ರಕ್ತದಲ್ಲಿ ಸಕ್ಕರೆ ಎಷ್ಟಿತ್ತೋ ಅದಕ್ಕೆ ತಕ್ಕಂತೆ ಅದು ಆ ಕಣಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಆ ಒಂದು ನಂಬರ್ ಅಂದರೆ ಒಬ್ಬ ಮನುಷ್ಯನ ಹಿಂದಿನ ಎರಡು ಮೂರು ತಿಂಗಳು.

71 ಜನ ವಾಪಸ್ ಬಂದರು, 29 ಜನ ಬರಲಿಲ್ಲ. ಮಳೆಗಾಲ ಬಂತು, ಲೋಕಲ್ ರೈಲು ನಿಂತರೆ ಕಲ್ಯಾಣ್, ವಿರಾರ್ ಕಡೆಯವರು ಬರುವುದು ಹೇಗೆ? ಕೆಲವರು ಊರಿಗೆ ಹೋದರು, ಕೆಲವರ ಫೋನ್ ಸ್ವಿಚ್ ಆಫ್. ಥೀಸಿಸ್‌ಗೆ ಮಾರ್ಗದರ್ಶನ ಮಾಡುವ ಗೈಡ್ ಪ್ರತಿ ಸೋಮವಾರ "ಎಷ್ಟಾಯ್ತು?" ಅಂತ ಕೇಳುತ್ತಿದ್ದರು, ಅಷ್ಟೇ. ಸೀನಿಯರ್ ಒಬ್ಬರು, ಎಲ್ಲರೂ ಮಾಡ್ತಾರೆ, ತುಂಬಿಸಿಬಿಡು ಅಂದರು. ಒಂದು ರಾತ್ರಿ ಮೂರು ಗಂಟೆಗೆ ಡ್ಯೂಟಿ ರೂಮಿನಲ್ಲಿ ಕೂತು 14 ಜನರ ನಂಬರ್‌ಗಳನ್ನು ನೀಲಾ ತಾನೇ ಬರೆದಳು.

ಅದೇ ಮೂರು ಗಂಟೆ. ಅವಳಿಗೂ ಅದು ಆಗಲೇ ಹೊಳೆದಿತ್ತು.

ಅವತ್ತು ನಾನು ಮೊದಲು ಕೇಳಿದ್ದು ಥೀಸಿಸ್ ಬಗ್ಗೆ ಅಲ್ಲ. ಸಾಯಬೇಕು ಅನ್ನಿಸಿದ್ದುಂಟಾ ಅಂತ ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳಬಾರದು, ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಇಲ್ಲ, ಸೀಟು ಬಿಟ್ಟು ಊರಿಗೆ ಹೋಗಬೇಕು ಅನ್ನಿಸುತ್ತದೆ ಅಂದಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ. ದಿನದ 24 ಗಂಟೆಯೂ ಕನ್ನಡದಲ್ಲೂ ಮಾತಾಡಬಹುದು. ಎರಡು ವಾರ ಸೀಟಿನ ವಿಷಯದಲ್ಲಿ ಯಾವ ತೀರ್ಮಾನವೂ ಬೇಡ, ನೈಟ್ ಡ್ಯೂಟಿ ಮುಗಿದ ದಿನ ಫೋನ್ ರೂಮ್‌ಮೇಟ್ ಕೈಗೆ ಕೊಟ್ಟು ಮಲಗು ಅಂದೆ. ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರ ಹತ್ತಿರ ಹೋಗಬೇಕು, ಅದೂ ತನ್ನದೇ ಆಸ್ಪತ್ರೆಯಲ್ಲಲ್ಲ, ಬೇರೆ ಕಡೆ ಅಂತಲೂ ಮಾತಾಯಿತು. ತಾವೇ ಕೆಲಸ ಮಾಡುವ ಜಾಗದ ಓಪಿಡಿಯಲ್ಲಿ ಪಾಳಿ ಹಚ್ಚಲು ಈ ಮಕ್ಕಳಿಗೆ ಎಷ್ಟು ಸಂಕೋಚ ಅಂತ ನನಗೆ ಗೊತ್ತು.

ಮುಂದಿನ ವಾರ ಫೈಲ್ ತಂದಳು. ರೋಗಿಗಳ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡೇ ಹಾಳೆ ತೋರಿಸಿದಳು. ನಿಜವಾಗಿ ಬಂದವರ ಹಾಳೆಗಳಲ್ಲಿ ಮೂರು ನಾಲ್ಕು ಬಗೆಯ ಪೆನ್ನು, ಕಾಟು ಹೊಡೆದ ಫೋನ್ ನಂಬರು, ಒಂದರ ಮೇಲೆ ಚಹಾದ ಕಲೆ. ನಂಬರ್‌ಗಳೂ ಹಾಗೇ: ಒಬ್ಬರದು 6.1, ಇನ್ನೊಬ್ಬರದು 11.8. ಆ ಹದಿನಾಲ್ಕು ಹಾಳೆ ಮಾತ್ರ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದದ್ದು. 7.2, 7.4, 7.1, 7.3. ನೀಲಾ ಅದನ್ನು ನೋಡುತ್ತಾ ಕೂತಳು. "ಇವರಿಗೆಲ್ಲಾ ನಾನ ಆರಾಮ ಮಾಡಿಬಿಟ್ಟೀನಿ, ಮಾತ್ರಿ ಇಲ್ದ" ಅಂದಳು.

ಅದಕ್ಕೆ ನಾನು ಏನೂ ಸೇರಿಸಲಿಲ್ಲ. ನೀನು ಕೆಟ್ಟವಳಲ್ಲ ಅಂತ ಸಮಾಧಾನ ಮಾಡುವುದೂ ಸರಿ ಅನ್ನಿಸಲಿಲ್ಲ, ಯಾಕೆಂದರೆ ಮಾಡಿದ್ದು ತಪ್ಪೇ, ಅದು ಅವಳಿಗೆ ಗೊತ್ತಿದ್ದದ್ದರಿಂದಲೇ ನಿದ್ದೆ ಹೋಗಿತ್ತು. ಆದರೆ ಅದನ್ನು ಇನ್ನೂ ಎಲ್ಲೂ ಸಲ್ಲಿಸಿರಲಿಲ್ಲ. ಸರಿ ಮಾಡಲು ಜಾಗ ಇತ್ತು.

ನನ್ನ ಸಲಹೆ ಇಷ್ಟೇ. ಆ ಹಾಳೆಗಳನ್ನು ಹರಿಯಬೇಡ, ಕಂಪ್ಯೂಟರಿನಲ್ಲಿ ಸುಮ್ನೆ ಅಳಿಸಿಯೂ ಬಿಡಬೇಡ, ಒಂದು ಗೆರೆ ಎಳೆದು ಇಂದಿನ ತಾರೀಖು ಹಾಕಿ ಸಹಿ ಮಾಡು. ಗೈಡ್‌ಗೆ ನೀನೇ ಹೇಳು, ಬೇರೆಯವರಿಂದ ಗೊತ್ತಾಗುವ ಮೊದಲು. ಸಂಶೋಧನೆಯ ನೀತಿ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಗೆ ಏನು ತಿಳಿಸಬೇಕು ಅನ್ನುವುದನ್ನೂ ಅವರನ್ನೇ ಕೇಳು. ಆಮೇಲೆ ಅಂಕಿಅಂಶದ ಲೆಕ್ಕ ನೋಡುವ ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಹೋಗು. ಅಧ್ಯಯನದ ನಡುವೆ ರೋಗಿಗಳು ಬಿಟ್ಟುಹೋಗುವುದು ಎಲ್ಲ ಕಡೆ ಆಗುವಂಥದ್ದು, ಅದನ್ನು ಲೆಕ್ಕದಲ್ಲಿ ತೋರಿಸುವ ಕ್ರಮ ಇದೆ. ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳೆಲ್ಲ ಕಡ್ಡಾಯವಾಗಿ ಮಾಡುವ ಸಂಶೋಧನೆಯ ಆನ್‌ಲೈನ್ ಕೋರ್ಸನ್ನು ನೀಲಾ ಮೊದಲ ವರ್ಷವೇ ಪಾಸಾಗಿದ್ದಳು. ಗೊತ್ತಿಲ್ಲದೆ ಮಾಡಿದ್ದಲ್ಲ. 71 ಅಂತ ಹೇಳಲು ಹೆದರಿ ಮಾಡಿದ್ದು.

ಗೈಡ್ ಎದುರು ಹೇಳುವ ಮಾತನ್ನು ನನ್ನ ಕೋಣೆಯಲ್ಲೇ ಆರೇಳು ಸಲ ಹೇಳಿಸಿದೆ. ಮೊದಲ ಸಲ ಹೇಳಿದಾಗ ಅದರ ತುಂಬ "ಸಾರಿ ಸರ್" ಇತ್ತು. ಕೊನೆಗೆ ಮೂರು ವಾಕ್ಯಕ್ಕೆ ಬಂತು: "ಸರ್, 29 ಜನ ಬಂದಿಲ್ಲ. ಅದರಲ್ಲಿ 14 ನಂಬರ್ ನಾನೇ ಬರೆದಿದ್ದೆ, ಈಗ ತೆಗೆದಿದ್ದೇನೆ. ಮುಂದೇನು ಮಾಡಲಿ ಹೇಳಿ."

ಅವರು ಬೈದರು. ತುಂಬ ಹೊತ್ತು ಬೈದರಂತೆ. ಆಮೇಲೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಆ ಪ್ರಶ್ನೆಯನ್ನು ಕಲಿಸುವವರೆಲ್ಲ ತಮಗೂ ಒಮ್ಮೆ ಕೇಳಿಕೊಳ್ಳಬೇಕು. ವಾರ ವಾರ "ಎಷ್ಟಾಯ್ತು" ಅಂತ ಮಾತ್ರ ಕೇಳಿದರೆ ಮಕ್ಕಳು ಎಷ್ಟಾಯ್ತು ಅನ್ನುವುದನ್ನಷ್ಟೇ ತಂದುಕೊಡುತ್ತಾರೆ. ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಒಂದು ಸಲವಾದರೂ ಕೇಳಿ. ಈ ಗೈಡ್ ಕೊನೆಗೆ ಕೇಳಿದರು. 29 ಜನರನ್ನೂ ಮತ್ತೆ ಹುಡುಕು, ತಡವಾಗಿ ಬಂದವರ ಟೆಸ್ಟನ್ನು ಬೇರೆಯಾಗಿ, ತಾರೀಖಿನ ಸಮೇತ ಬರೆ ಅಂದರು.

ಆರು ಜನ ಸಿಕ್ಕರು. ಅವರಲ್ಲೊಬ್ಬರು ಯಾದಗಿರಿ ಕಡೆಯವರು, ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ನೀಲಾ ಕನ್ನಡದಲ್ಲಿ "ಯಾಕ ಬರಲಿಲ್ಲರೀ ಕಾಕಾ?" ಅಂದ ಕೂಡಲೇ ಗಳಗಳ ಮಾತಾಡಿದರಂತೆ. ಸೈಟು ನಿಂತಿತ್ತು, ಊರಿಗೆ ಹೋಗಿದ್ದರು, ಗುಳಿಗಿ ತೀರಿ ಎರಡು ತಿಂಗಳಾಗಿತ್ತು. ದಸರಾ ಮುಗಿಸಿ ಬಂದ ಮೇಲೆ ಟೆಸ್ಟ್ ಆಯಿತು, 10.9 ಬಂತು. ನೀಲಿ ಪೆನ್ನಿನಲ್ಲಿ ಅವರ ಹಾಳೆ ಮೇಲೆ ಇದ್ದದ್ದು 7.3.

ಅವತ್ತೇ ಅವರಿಗೆ ಮಾತ್ರೆ ಮತ್ತೆ ಶುರು ಮಾಡಿದಳು. ಊರಿಗೆ ಹೋಗುವಾಗ ಒಂದು ತಿಂಗಳ ಬದಲು ಮೂರು ತಿಂಗಳ ಮಾತ್ರೆ ಕೊಡಬಹುದಾ ಅಂತ ಯೂನಿಟ್‌ನಲ್ಲಿ ಕೇಳಿದ್ದಾಳೆ, ಇನ್ನೂ ಉತ್ತರ ಬಂದಿಲ್ಲ. ಡ್ಯೂಟಿ ಗಂಟೆಗಳೂ ಕಡಿಮೆಯಾಗಿಲ್ಲ. ನಿದ್ದೆ ಈಗ ಐದರವರೆಗೆ ಬರುತ್ತಿದೆ ಅಂದಳು. ಮುಂದಿನ ಭಾನುವಾರ ನೈಟ್ ಮುಗಿಸಿ ಬರುತ್ತೇನೆ ಅಂದಿದ್ದಾಳೆ, ಮೊದಲು ಮಲಗಿ ಎದ್ದು ಸಂಜೆ ಬಾ ಅಂದಿದ್ದೇನೆ.